ಓದುಗರ ಪ್ರಶ್ನೆ, ಕ್ರೀಡಾ ವಿಭಾಗದ ಉತ್ತರ: 22ನೇ ನಂಬರಿನ ಗಾರ್ಡ್, ಮೊದಲೆರಡು ವರ್ಷ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ನಾಲ್ಕು ವರ್ಷಕ್ಕೆ 3,951 ಅಂಕ ಹೊಡೆದ ಅಯೋವಾ ವಿಶ್ವವಿದ್ಯಾಲಯದ 22ನೇ ನಂಬರಿನ ಗಾರ್ಡ್ ಕೇಟ್ಲಿನ್ ಕ್ಲಾರ್ಕ್ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಕೊನೆಯ ವರ್ಷದ ದಾಖಲೆಗಳನ್ನೇ ಕೇಳಿವೆ. ಆ ದಾಖಲೆಗಳು ಎಲ್ಲ ಕಡೆ ಸಿಗುತ್ತವೆ. ಆಡುವವರಿಗೂ ಆಡಿಸುವವರಿಗೂ ಉಪಯೋಗಕ್ಕೆ ಬರುವುದು 2020ರಿಂದ 2022ರವರೆಗಿನ ಮೊದಲ ಎರಡು ವರ್ಷ. ಹಾಗಾಗಿ ಆ ಕಾಲಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನೂ ಅವುಗಳಿಂದ ಹುಟ್ಟಿದ ಅಭ್ಯಾಸದ ಪ್ರಶ್ನೆಗಳನ್ನೂ ಮುಖ್ಯವಾಗಿ ಆರಿಸಿಕೊಂಡಿದ್ದೇವೆ.

ಗಾರ್ಡ್ ಅಂದರೆ ಕಾಯುವವರು ತಾನೇ? ಹಾಗಿದ್ದ ಮೇಲೆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಾರ್ಡೇ ಹೊಡೆಯೋದು ಹೇಗೆ?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಹೆಸರು ಹಳೆಯದು, ಕೆಲಸ ಬದಲಾಗಿದೆ. ಈಗಿನ ಐದು ಜನರ ಆಟದಲ್ಲಿ ಗಾರ್ಡ್ ಎಂದರೆ ರಿಂಗಿನಿಂದ ದೂರದಲ್ಲಿ ನಿಂತು ಚೆಂಡನ್ನು ಮುಂದಕ್ಕೆ ತರುವವಳು. ಆಡುವ ಜಾಗಗಳಲ್ಲಿ ಒಂದನೆಯದು ಪಾಯಿಂಟ್ ಗಾರ್ಡ್, ಎರಡನೆಯದು ಶೂಟಿಂಗ್ ಗಾರ್ಡ್. ಚೆಂಡನ್ನು ಅರ್ಧ ಗೆರೆ ದಾಟಿಸುವುದು, ಯಾವ ಆಟ ಆಡಬೇಕೆಂದು ಕೂಗಿ ಹೇಳುವುದು, ಯಾರಿಗೆ ಪಾಸ್ ಕೊಡಬೇಕು, ಯಾವಾಗ ತಾನೇ ಹೊಡೆಯಬೇಕು ಎಂದು ತೀರ್ಮಾನಿಸುವುದು ಮೊದಲನೆಯವಳ ಕೆಲಸ. ಕ್ಲಾರ್ಕ್ ಆ ಜಾಗದಲ್ಲಿ ಆಡಿದವರು. ಎತ್ತರ 6 ಅಡಿ, ಅಂದರೆ ಸುಮಾರು 183 ಸೆಂ.ಮೀ. ಪಾಯಿಂಟ್ ಗಾರ್ಡ್‌ಗೆ ಅದು ದೊಡ್ಡ ಅನುಕೂಲ, ಏಕೆಂದರೆ ಡಿಫೆಂಡರ್ ತಲೆಯ ಮೇಲಿಂದ ಕೋರ್ಟ್ ಕಾಣಿಸುತ್ತದೆ.

ನಿಮ್ಮ ಅನುಮಾನ ಅಯೋವಾ ರಾಜ್ಯದಲ್ಲಿ ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು ಅನ್ನುವುದು ತಮಾಷೆ. ಅಲ್ಲಿನ ಹೈಸ್ಕೂಲ್ ಹುಡುಗಿಯರು 1993ರವರೆಗೂ ಆರಾರು ಜನರ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಅರ್ಧ ಗೆರೆಯನ್ನು ಯಾರೂ ದಾಟುವಂತಿಲ್ಲ, ಎರಡಕ್ಕಿಂತ ಹೆಚ್ಚು ಸಲ ಡ್ರಿಬಲ್ ಮಾಡುವಂತಿಲ್ಲ, ಅಂದರೆ ಚೆಂಡನ್ನು ನೆಲಕ್ಕೆ ತಟ್ಟುವಂತಿಲ್ಲ. ಫಾರ್ವರ್ಡ್‌ಗಳು ಮಾತ್ರ ಹೊಡೆಯಬೇಕು. ಗಾರ್ಡ್ ಆದವಳು ಇಡೀ ವರ್ಷ ಆಡಿದರೂ ಒಂದು ಅಂಕವೂ ಅವಳ ಹೆಸರಿಗೆ ಬರುತ್ತಿರಲಿಲ್ಲ. ಕ್ಲಾರ್ಕ್ ಕಾಲದಲ್ಲಿ ಅಯೋವಾ ತಂಡದ ಸಹಾಯಕ ಕೋಚ್ ಆಗಿದ್ದ, 2024ರಲ್ಲಿ ಮುಖ್ಯ ಕೋಚ್ ಆದ ಜ್ಯಾನ್ ಜೆನ್ಸನ್ ಆ ಆರು ಜನರ ಆಟದ ಫಾರ್ವರ್ಡ್. ಹೈಸ್ಕೂಲಿನ ಕೊನೆಯ ವರ್ಷ, 1987ರಲ್ಲಿ, ಪಂದ್ಯಕ್ಕೆ ಸರಾಸರಿ 66 ಅಂಕ ಹೊಡೆದವರು. ಹಳ್ಳಿ ಹಳ್ಳಿಯಲ್ಲೂ ಹುಡುಗಿಯರ ಆಟಕ್ಕೆ ಜನ ಸೇರುವ ರೂಢಿ ಆ ರಾಜ್ಯದಲ್ಲಿ ಕ್ಲಾರ್ಕ್‌ರಿಗಿಂತ ಬಹಳ ಮೊದಲೇ ಇತ್ತು.

ಮೊದಲ ವರ್ಷವೇ ದೇಶದಲ್ಲಿ ಅತಿ ಹೆಚ್ಚು ಅಂಕ ಗಳಿಸಿದರಂತೆ. ಅಷ್ಟಾದರೂ ತಂಡ ಏಕೆ ಗೆಲ್ಲಲಿಲ್ಲ?
— ಬ್ಯಾಂಕ್ ಉದ್ಯೋಗಿ, ತುಮಕೂರು

ಮೊದಲು ಲೆಕ್ಕ. 2020ರ ನವೆಂಬರ್ 25ರಂದು ನಾರ್ದರ್ನ್ ಅಯೋವಾ ವಿರುದ್ಧ ಮೊದಲ ಪಂದ್ಯ, 27 ಅಂಕ. ಕೋವಿಡ್ ಕಾಲವಾದ್ದರಿಂದ ಗ್ಯಾಲರಿ ಬಹುತೇಕ ಖಾಲಿ. ಆ ಸೀಸನ್ 30 ಪಂದ್ಯ, 799 ಅಂಕ, 214 ಅಸಿಸ್ಟ್. ಸರಾಸರಿ 26.6 ಅಂಕ, 7.1 ಅಸಿಸ್ಟ್, 5.9 ರಿಬೌಂಡ್ (ತಪ್ಪಿದ ಹೊಡೆತದ ಚೆಂಡನ್ನು ಹಿಡಿಯುವುದು). ದೂರದ ಗೆರೆಯ ಹೊರಗಿನಿಂದ ಬಿದ್ದ ಮೂರಂಕದ ಹೊಡೆತ 116, ಹೊಡೆದ ನೂರಕ್ಕೆ 40.6. ದೇಶದ ಅತ್ಯುತ್ತಮ ಗಾರ್ಡ್‌ಗೆ ಕೊಡುವ ಡಾನ್ ಸ್ಟೇಲಿ ಪ್ರಶಸ್ತಿ ಮೊದಲ ವರ್ಷದಲ್ಲೇ ಬಂತು.

ಅಸಿಸ್ಟ್ ಎಂದರೆ ನೇರವಾಗಿ ಬಾಸ್ಕೆಟ್ ಆಗುವಂತೆ ಕೊಟ್ಟ ಪಾಸ್. ಒಂದಕ್ಕೆ ಕನಿಷ್ಠ 2 ಅಂಕ ಎಂದರೂ 7.1 ಅಸಿಸ್ಟ್‌ಗೆ 14 ಅಂಕ. ಅಂದರೆ ಪಂದ್ಯಕ್ಕೆ 40ಕ್ಕೂ ಹೆಚ್ಚು ಅಂಕ 19 ವರ್ಷದ ಒಬ್ಬ ಹುಡುಗಿಯ ಕೈಯಿಂದ ಹೊರಡುತ್ತಿತ್ತು.

ತೊಂದರೆ ಕೋರ್ಟಿನ ಇನ್ನೊಂದು ತುದಿಯಲ್ಲಿತ್ತು. ಬಿಗ್ ಟೆನ್ ಲೀಗ್‌ನ ಟೂರ್ನಿ ಫೈನಲ್‌ನಲ್ಲಿ ಅಯೋವಾ 84 ಅಂಕ ಮಾಡಿತು, ಮೇರಿಲ್ಯಾಂಡ್‌ಗೆ 104 ಬಿಟ್ಟುಕೊಟ್ಟಿತು. ರಾಷ್ಟ್ರೀಯ ಟೂರ್ನಿಯಲ್ಲಿ ಕೆಂಟಕಿ ವಿರುದ್ಧ ಕ್ಲಾರ್ಕ್ 35 ಹೊಡೆದು ಗೆಲ್ಲಿಸಿದರು. ಮುಂದಿನ ಸುತ್ತಿನಲ್ಲಿ ಪೇಜ್ ಬೆಕರ್ಸ್ ಆಡುತ್ತಿದ್ದ ಕನೆಕ್ಟಿಕಟ್ ಎದುರು 92–72ರಿಂದ ಸೋಲು, ಕ್ಲಾರ್ಕ್‌ರದು 21. ಬೇಗ ಬೇಗ ಹೊಡೆಯುವ ತಂಡಕ್ಕೆ ಈ ಕಾಯಿಲೆ ಸಾಮಾನ್ಯ. ಹೊಡೆತ ತಪ್ಪಿ ರಿಬೌಂಡ್ ಎದುರಾಳಿಗೆ ಸಿಕ್ಕ ಕ್ಷಣದಲ್ಲಿ ಇಬ್ಬರಾದರೂ ಹಿಂದಕ್ಕೆ ಓಡಬೇಕು, ಸಾಮಾನ್ಯವಾಗಿ ಇಬ್ಬರೂ ಗಾರ್ಡ್‌ಗಳು. ಹೊಡೆದ ಗಾರ್ಡ್ ಚೆಂಡು ರಿಂಗಿಗೆ ಬೀಳುತ್ತದೋ ಇಲ್ಲವೋ ಎಂದು ನೋಡುತ್ತ ಒಂದು ಸೆಕೆಂಡ್ ನಿಂತರೆ ಆ ಜಾಗ ಖಾಲಿ. ಅಭ್ಯಾಸದಲ್ಲಿ ಇದನ್ನು ತಿದ್ದಲು ಸುಲಭದ ಉಪಾಯವಿದೆ: ಹೊಡೆದವಳು ಚೆಂಡು ಕೈಬಿಟ್ಟ ಕೂಡಲೇ ತಿರುಗಿ ಅರ್ಧ ಗೆರೆ ಮುಟ್ಟಬೇಕು, ಮುಟ್ಟದಿದ್ದರೆ ಬಾಸ್ಕೆಟ್ ಆದರೂ ಲೆಕ್ಕಕ್ಕಿಲ್ಲ.

ಎರಡನೇ ವರ್ಷ ಮೂರಂಕದ ಹೊಡೆತ 40ರಿಂದ 33ಕ್ಕೆ ಇಳಿದಿದೆ. ಫಾರ್ಮ್ ಹೋಯಿತೇ?
— ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಧನ್ಯವಾದ, ಏಕೆಂದರೆ ಉತ್ತರ ಆಟಗಾರ್ತಿಯ ಕೈಯಲ್ಲಷ್ಟೇ ಇಲ್ಲ, ಕೋರ್ಟಿನ ಮೇಲೂ ಬರೆದಿದೆ. ಅಮೆರಿಕದ ಕಾಲೇಜು ಮಹಿಳೆಯರ ಮೂರಂಕದ ಗೆರೆ 2020–21ರವರೆಗೆ ರಿಂಗಿನಿಂದ 20 ಅಡಿ 9 ಇಂಚು, ಅಂದರೆ 6.32 ಮೀಟರ್ ದೂರದಲ್ಲಿತ್ತು. 2021–22ರಿಂದ ಅದನ್ನು ಅಂತರರಾಷ್ಟ್ರೀಯ ಅಳತೆಗೆ, 6.75 ಮೀಟರ್‌ಗೆ ಸರಿಸಿದರು. ಕ್ಲಾರ್ಕ್‌ರ ಮೊದಲ ವರ್ಷಕ್ಕೂ ಎರಡನೇ ವರ್ಷಕ್ಕೂ ನಡುವೆ ಗೆರೆ 43 ಸೆಂ.ಮೀ. ಹಿಂದಕ್ಕೆ ಹೋಯಿತು.

ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ತಪ್ಪಾಗುತ್ತದೆ. ಕ್ಲಾರ್ಕ್ ಹಳೆಯ ಗೆರೆ ಇದ್ದಾಗಲೇ ಅದಕ್ಕಿಂತ ಎಷ್ಟೋ ಹಿಂದಿನಿಂದ ಹೊಡೆಯುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಹಂಗರಿಯ ಡೆಬ್ರೆಸೆನ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 6.75ರ ಗೆರೆಯಲ್ಲೇ ಆಡಿ ಶ್ರೇಷ್ಠ ಆಟಗಾರ್ತಿ ಎನಿಸಿದ್ದರು. ನಮ್ಮ ಲೆಕ್ಕದಲ್ಲಿ ಎರಡನೇ ಕಾರಣವೇ ಹೆಚ್ಚು ತೂಕದ್ದು: ಮೊದಲ ವರ್ಷ ಕಾಲೇಜು ಆಟಕ್ಕೆ ಹೊಸ ಹುಡುಗಿ, ಎರಡನೇ ವರ್ಷ ಪ್ರತಿ ತಂಡವೂ ವಿಡಿಯೊ ನೋಡಿಕೊಂಡು ಬಂದಿತ್ತು. ಅರ್ಧ ಗೆರೆ ದಾಟುತ್ತಲೇ ಒಬ್ಬಳು ಮೈಗೆ ಮೈ ತಾಗುವಂತೆ ನಿಲ್ಲುತ್ತಿದ್ದಳು. ಎರಡು ಹೆಜ್ಜೆ ಹಿಂದೆ ಸರಿದು, ಮೈ ವಾಲಿಸಿ ಹೊಡೆಯುವ ಕಷ್ಟದ ಹೊಡೆತಗಳು ಹೆಚ್ಚಾದವು.

ಕೈ ಕೆಟ್ಟಿತೋ, ಹೊಡೆತದ ಆಯ್ಕೆ ಕೆಟ್ಟಿತೋ ಎಂದು ತಿಳಿಯಲು ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೋಡಿ. ಅಲ್ಲಿ ಎದುರಿಗೆ ಯಾರೂ ಇಲ್ಲ, ದೂರವೂ ಬದಲಾಗುವುದಿಲ್ಲ. ಕ್ಲಾರ್ಕ್‌ರ ಫ್ರೀ ಥ್ರೋ ಎರಡನೇ ವರ್ಷ ಇಳಿಯಲಿಲ್ಲ, ನೂರಕ್ಕೆ ಒಂದೆರಡು ಏರಿತು. ಅಂದರೆ ಕೈ ಸರಿಯಾಗಿಯೇ ಇತ್ತು. ನಿಮ್ಮ ಹುಡುಗಿಯರಲ್ಲೂ ಇದೇ ಪರೀಕ್ಷೆ ಮಾಡಬಹುದು. ಮೂರಂಕವೂ ಫ್ರೀ ಥ್ರೋವೂ ಒಟ್ಟಿಗೆ ಬಿದ್ದರೆ ಹೊಡೆಯುವ ರೀತಿ ತಿದ್ದಿ. ಮೂರಂಕ ಮಾತ್ರ ಬಿದ್ದರೆ ಕೈಗೆ ಕೈ ಹಾಕಬೇಡಿ, ಎಲ್ಲಿ ಯಾವಾಗ ಹೊಡೆಯುತ್ತಿದ್ದಾಳೆ ಎಂಬುದನ್ನು ತಿದ್ದಿ.

ಇಳಿದ ಶೇಕಡಾವಾರಿನ ಬೆಲೆಯೂ ಗೊತ್ತಿರಲಿ. ನೂರಕ್ಕೆ 40.6 ಎಂದರೆ ಪ್ರತಿ ಮೂರಂಕದ ಹೊಡೆತಕ್ಕೆ 1.22 ಅಂಕ. 33.2 ಎಂದರೆ 1 ಅಂಕ, ಎರಡರಲ್ಲಿ ಒಂದು ಬೀಳುವ ಹತ್ತಿರದ ಹೊಡೆತಕ್ಕೆ ಸಮ. ಅಷ್ಟಾದರೂ ಆ ವರ್ಷ ಸರಾಸರಿ 27 ಅಂಕ, 8 ಅಸಿಸ್ಟ್, 8 ರಿಬೌಂಡ್. ಕಾಲೇಜು ಆಟದ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರ ಮಹಿಳೆಯರಲ್ಲಿ ಒಂದೇ ಸೀಸನ್‌ನಲ್ಲಿ ಅಂಕದ ಸರಾಸರಿಯಲ್ಲೂ ಅಸಿಸ್ಟ್ ಸರಾಸರಿಯಲ್ಲೂ ಮೊದಲ ಸ್ಥಾನ ಪಡೆದ ಮೊದಲ ಆಟಗಾರ್ತಿ ಅವರೇ. ಮೂರು ಬೀಳದಿದ್ದಾಗ ಪಾಸ್ ಹೆಚ್ಚಿತು. ಮೂರನೇ ವರ್ಷ ಮೂರಂಕ 38.9ಕ್ಕೆ ಮರಳಿತು, ಗೆರೆ ಮಾತ್ರ ಅಲ್ಲೇ ಇತ್ತು.

46 ಅಂಕ ಹೊಡೆದ ಪಂದ್ಯ ಸೋತು, 15 ಹೊಡೆದ ಪಂದ್ಯವೂ ಸೋತರೆ ಏನು ಮಾಡಿದರೆ ಗೆಲುವು?
— ಓದುಗರು, ಮೈಸೂರು

ನೀವು ಹೇಳುತ್ತಿರುವುದು 2022ರ ಎರಡು ಪಂದ್ಯ. ಫೆಬ್ರವರಿ 6ರಂದು ಮಿಶಿಗನ್ ವಿರುದ್ಧ 46 ಅಂಕ, ಸೋಲು 98–90. ಮಾರ್ಚ್ 20ರಂದು ರಾಷ್ಟ್ರೀಯ ಟೂರ್ನಿಯ ಎರಡನೇ ಸುತ್ತು, ಸ್ವಂತ ಅಂಗಳ, ಎದುರಿಗೆ ಹತ್ತನೇ ಶ್ರೇಯಾಂಕದ ಕ್ರೈಟನ್. ಎರಡನೇ ಶ್ರೇಯಾಂಕದ ಅಯೋವಾ 64–62ರಿಂದ ಸೋತಿತು, ಕ್ಲಾರ್ಕ್ 15 ಅಂಕ, 11 ಅಸಿಸ್ಟ್. ಕೊನೆಯ ಗಳಿಗೆಯಲ್ಲಿ ಮೂರಂಕ ಹೊಡೆದು ಮುನ್ನಡೆ ಕಿತ್ತುಕೊಂಡ ಲಾರೆನ್ ಜೆನ್ಸನ್ ಹಿಂದಿನ ವರ್ಷ ಅಯೋವಾ ತಂಡದಲ್ಲೇ ಇದ್ದವರು! ಮನೆಯೊಳಗಿನ ಕಿಚ್ಚೇ ಮನೆ ಸುಟ್ಟಿತು ಅನ್ನಿ.

ಅದೇ ತಿಂಗಳ ಆರಂಭದಲ್ಲಿ ಇಂಡಿಯಾನಾವನ್ನು 74–67ರಿಂದ ಮಣಿಸಿ ಬಿಗ್ ಟೆನ್ ಟೂರ್ನಿ ಗೆದ್ದ ತಂಡ ಇದೇ. ಬಿಟ್ಟುಕೊಟ್ಟ ಅಂಕ 67 ಎಂಬುದನ್ನು ಗಮನಿಸಿ, ಮಿಶಿಗನ್ ಪಂದ್ಯದ 98ನ್ನು ಪಕ್ಕದಲ್ಲಿಡಿ. ಗೆಲುವು ಸೋಲಿನ ವ್ಯತ್ಯಾಸ ಹೆಚ್ಚಾಗಿ ಅಲ್ಲಿತ್ತು.

ಕ್ಲಾರ್ಕ್ ಮತ್ತು ಸೆಂಟರ್ ಮೋನಿಕಾ ಸಿನಾನೊ ನಡುವಿನ ಪಾಸ್ ನಮ್ಮ ತಂಡಕ್ಕೂ ಕಲಿಸಬಹುದೇ? ಹಂತ ಹಂತವಾಗಿ ಹೇಳಿ.
— ಕ್ಲಬ್ ತರಬೇತುದಾರರು, ಮಂಡ್ಯ

ಕಲಿಸಬಹುದು, ಸೆಂಟರ್ ಆಗಿ ರಿಂಗಿನ ಹತ್ತಿರ ಆಡುವ ಎತ್ತರದ ಒಬ್ಬ ಹುಡುಗಿ ಮತ್ತು ತಲೆ ಎತ್ತಿ ಡ್ರಿಬಲ್ ಮಾಡುವ ಒಬ್ಬ ಗಾರ್ಡ್ ಇದ್ದರೆ ಸಾಕು. 6 ಅಡಿ 3 ಇಂಚಿನ ಸಿನಾನೊ ಹೊಡೆದ ಮೂರರಲ್ಲಿ ಎರಡು ಒಳಗೆ ಬೀಳುತ್ತಿದ್ದವು, ಏಕೆಂದರೆ ಚೆಂಡು ಕೈಗೆ ಬರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ರಿಬೌಂಡ್ ಸಿಕ್ಕ ಕೂಡಲೇ ಸೆಂಟರ್ ಬೇರೆಲ್ಲೂ ನೋಡದೆ ಎದುರಿನ ರಿಂಗಿನ ಮುಂಭಾಗಕ್ಕೆ ಓಡಬೇಕು. ಅಲ್ಲಿ ನಿಂತು ತನ್ನ ಡಿಫೆಂಡರನ್ನು ಬೆನ್ನಿನ ಹಿಂದೆ ಹಾಕಿಕೊಳ್ಳಬೇಕು: ಪಾದಗಳು ಭುಜಕ್ಕಿಂತ ಅಗಲ, ಮೊಣಕಾಲು ಬಾಗಿ, ಸೊಂಟ ಕೆಳಗೆ. ಡಿಫೆಂಡರ್ ಇಲ್ಲದ ಕಡೆಯ ಕೈ ಎತ್ತಿ ಬೆರಳು ಬಿಚ್ಚಿ ತೋರಿಸಬೇಕು. ಗಾರ್ಡ್ ಪಾಸ್ ಮಾಡುವುದು ಆ ಕೈಗೆ, ಮೈಗಲ್ಲ. ಸೆಂಟರ್ ಚೆಂಡನ್ನು ಗಲ್ಲದ ಮಟ್ಟಕ್ಕಿಂತ ಕೆಳಗೆ ತರದೆ, ಡ್ರಿಬಲ್ ಮಾಡದೆ, ಒಂದೇ ತಿರುವಿನಲ್ಲಿ ಹೊಡೆಯಬೇಕು. ಕೆಳಗೆ ತಂದರೆ ಗಿಡ್ಡ ಗಾರ್ಡ್‌ಗಳು ಬಂದು ತಟ್ಟಿಬಿಡುತ್ತಾರೆ.

ಹೆಚ್ಚಾಗಿ ಕೆಡುವುದು ಹೊತ್ತು. ರಿಂಗಿನ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಗಾರ್ಡ್ ಒಂದು ಡ್ರಿಬಲ್ ತಡ ಮಾಡಿದರೂ ಅವಕಾಶ ಮುಚ್ಚುತ್ತದೆ. ಡ್ರಿಬಲ್‌ನ ಕೈಯಿಂದಲೇ, ಚೆಂಡನ್ನು ಎರಡೂ ಕೈಗೆ ತಂದುಕೊಳ್ಳದೆ ಪಾಸ್ ಮಾಡುವುದನ್ನು ದಿನಕ್ಕೆ ಎಡಗೈ 30, ಬಲಗೈ 30 ಅಭ್ಯಾಸ ಮಾಡಿಸಿ. ಕ್ಲಾರ್ಕ್ ಪಾಸ್ ಎಲ್ಲರಿಗಿಂತ ಅರ್ಧ ಕ್ಷಣ ಮೊದಲು ಬರುವುದಕ್ಕೆ ಇದೇ ಗುಟ್ಟು.

ಇನ್ನು ಅರ್ಧ ಕೋರ್ಟಿನಲ್ಲಿ ಸೆಂಟರ್ ಬಂದು ಸ್ಕ್ರೀನ್ ಆಗಿ, ಅಂದರೆ ಗಾರ್ಡ್ ಬೆನ್ನಟ್ಟುವ ಡಿಫೆಂಡರ್‌ಗೆ ಅಡ್ಡವಾಗಿ, ನಿಂತಾಗ ಎದುರಾಳಿ ಏನು ಮಾಡುತ್ತಾಳೆ ಎಂಬುದರ ಮೇಲೆ ಗಾರ್ಡ್ ತೀರ್ಮಾನ. ಸೆಂಟರ್‌ನ ಡಿಫೆಂಡರ್ ಹಿಂದೆಯೇ ಉಳಿದರೆ ಹೊಡೆಯಿರಿ. ಇಬ್ಬರೂ ಗಾರ್ಡ್ ಮೇಲೆ ಬಿದ್ದರೆ ಎರಡು ಡ್ರಿಬಲ್ ಹಿಂದೆ ಸರಿದು, ರಿಂಗಿನತ್ತ ತಿರುಗಿ ಓಡಿದ ಸೆಂಟರ್‌ಗೆ ಕೊಡಿ, ಅಲ್ಲಿ ನಾಲ್ವರಿಗೆ ಮೂವರು ಮಾತ್ರ ಎದುರು. ಡಿಫೆಂಡರ್‌ಗಳು ಅದಲುಬದಲಾದರೆ ಸೆಂಟರ್ ಮೇಲೆ ಗಿಡ್ಡವಳು ಬಂದಿರುತ್ತಾಳೆ, ಎತ್ತರದ ಪಾಸ್ ಹಾಕಿ. ನಾಲ್ವರು ವಲಯ ಕಾಯುತ್ತ ಒಬ್ಬಳು ಮಾತ್ರ ನಿಮ್ಮ ಗಾರ್ಡ್‌ಗೆ ಅಂಟಿಕೊಂಡರೆ, ಆಕೆ ಚೆಂಡು ಬಿಟ್ಟು ಮೂಲೆಗೆ ಹೋಗಿ ನಿಲ್ಲಲಿ. ಉಳಿದ ನಾಲ್ವರು ನಾಲ್ವರ ಎದುರು ಆಡಲಿ. ಇದು ಗಾರ್ಡ್‌ನ ಅಹಂಕಾರಕ್ಕೆ ಕಷ್ಟ, ತಂಡಕ್ಕೆ ಒಳ್ಳೆಯದು.

ಟರ್ನೋವರ್ ಸುಮಾರು 4.8 ಅಂತ ಓದಿದೆ. ಅಷ್ಟು ಸಲ ಚೆಂಡು ಕಳೆದುಕೊಳ್ಳುವವಳು ಒಳ್ಳೆಯ ಗಾರ್ಡ್ ಹೇಗಾಗುತ್ತಾಳೆ?
— ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ

ಮೊದಲ ವರ್ಷ 7.1 ಅಸಿಸ್ಟ್‌ಗೆ 4.8 ಟರ್ನೋವರ್, ಅನುಪಾತ ಒಂದೂವರೆಗೆ ಒಂದು. ಒಳ್ಳೆಯ ಪಾಯಿಂಟ್ ಗಾರ್ಡ್‌ನಿಂದ ಕೋಚ್‌ಗಳು ಎರಡಕ್ಕೆ ಒಂದು ಬಯಸುತ್ತಾರೆ. ಕ್ಲಾರ್ಕ್ ಆ ಮಟ್ಟ ಮುಟ್ಟಿದ್ದು ಮೂರನೇ ವರ್ಷ, 8.6ಕ್ಕೆ 4.2. ಅದೇ ವರ್ಷ ತಂಡ ರಾಷ್ಟ್ರೀಯ ಫೈನಲ್ ತಲುಪಿತು. ಲೂಯಿವಿಲ್ ವಿರುದ್ಧ 41 ಅಂಕ, 12 ಅಸಿಸ್ಟ್, 10 ರಿಬೌಂಡ್ ಬಂದದ್ದೂ ಆಗಲೇ.

ಎಲ್ಲ ಟರ್ನೋವರ್ ಒಂದೇ ಅಲ್ಲ. ಚೆಂಡು ಗೆರೆಯ ಹೊರಗೆ ಹೋದರೆ ಆಟ ನಿಲ್ಲುತ್ತದೆ, ನಿಮ್ಮವರು ಹಿಂದೆ ಓಡಿ ಸಜ್ಜಾಗಬಹುದು. ಕೋರ್ಟಿನ ಮಧ್ಯದಲ್ಲಿ ಕಸಿದುಕೊಂಡರೆ ಎದುರಾಳಿಗೆ ಅಡೆತಡೆಯಿಲ್ಲದ ಲೇಅಪ್, ಅಂದರೆ ರಿಂಗಿನ ಪಕ್ಕದಿಂದಲೇ ಹೊಡೆತ. ಉದ್ದ ಪಾಸ್ ಹಾಕುವ ಧೈರ್ಯ ಇರುವ ಗಾರ್ಡ್‌ಗೆ ಮೊದಲನೇ ಬಗೆಯದು ಸ್ವಲ್ಪ ಇರಲಿ. ಎರಡನೆಯದು ಬರುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ನೆಗೆದು ಗಾಳಿಯಲ್ಲಿ ಇದ್ದುಕೊಂಡು ಯಾರಿಗೆ ಕೊಡಲಿ ಎಂದು ಹುಡುಕುವುದು, ಕೋರ್ಟಿಗೆ ಅಡ್ಡವಾಗಿ ನಿಧಾನದ ಪಾಸ್ ಹಾಕುವುದು, ಇಬ್ಬರು ಮುತ್ತಿದಾಗ ಡ್ರಿಬಲ್ ನಿಲ್ಲಿಸಿಬಿಡುವುದು. ಈ ಮೂರನ್ನು ಬೇರೆ ಬೇರೆ ಎಣಿಸಿ, ನಿಮ್ಮ ರೋಗ ಯಾವುದೆಂದು ಎರಡು ಪಂದ್ಯದಲ್ಲಿ ತಿಳಿಯುತ್ತದೆ.

ವೃತ್ತಿಪರ ಆಟದಲ್ಲೂ ಇದು ಬೆನ್ನು ಬಿಡಲಿಲ್ಲ. 2024ರ ಮೇ 14ರಂದು ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಇಂಡಿಯಾನಾ ಫೀವರ್ ಪರ ಮೊದಲ ಪಂದ್ಯದಲ್ಲಿ 20 ಅಂಕ, 10 ಟರ್ನೋವರ್. ಅದೇ ವರ್ಷದ ಜುಲೈ 17ರಂದು ಡಲ್ಲಾಸ್ ವಿರುದ್ಧ 19 ಅಸಿಸ್ಟ್, ಲೀಗಿನ ದಾಖಲೆ.

ನನ್ನ ಮಗಳಿಗೆ 14 ವರ್ಷ. ಕ್ಲಾರ್ಕ್ ವಿಡಿಯೊ ನೋಡಿ ನೋಡಿ ಅರ್ಧ ಕೋರ್ಟಿನಿಂದಾನೇ ಚೆಂಡು ಒಗೀತಾಳ. ಬ್ಯಾಡ ಅಂದ್ರ ಕೇಳೂದಿಲ್ಲ. ಏನ್ ಮಾಡೂಣ್ರಿ?
— ಪೋಷಕರು, ಧಾರವಾಡ

ಬೇಡ ಅನ್ನಬೇಡಿ, ಹತ್ತಿರದಿಂದ ಗೆದ್ದು ಹಿಂದಕ್ಕೆ ಹೋಗು ಎನ್ನಿ. ಮೊದಲು ಚೆಂಡು ನೋಡಿ. ಹುಡುಗಿಯರದು 6ನೇ ಸೈಜ್, ಸುತ್ತಳತೆ ಸುಮಾರು 72 ಸೆಂ.ಮೀ. ಎಷ್ಟೋ ಶಾಲೆಗಳಲ್ಲಿ ಹುಡುಗರ 7ನೇ ಸೈಜಿನ ಚೆಂಡು ಮಾತ್ರ ಇರುತ್ತದೆ. ಅದು ಸುಮಾರು 50 ಗ್ರಾಂ ಹೆಚ್ಚು ಭಾರ, ಅದರಿಂದ ಕಲಿತ ಹುಡುಗಿ ಚೆಂಡನ್ನು ಎದೆಯಿಂದ ಎರಡು ಕೈಯಲ್ಲಿ ತಳ್ಳಲು ಶುರುಮಾಡುತ್ತಾಳೆ.

ಆಮೇಲೆ ಕಮಾನು. ರಿಂಗಿನ ಒಳ ಅಗಲ 45 ಸೆಂ.ಮೀ., ಚೆಂಡಿನ ಅಗಲ 23. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಕಾಣುವ ಬಾಯಿ ಸುಮಾರು 32 ಸೆಂ.ಮೀ. 30 ಡಿಗ್ರಿಯಲ್ಲಿ ಬಂದರೆ 22.5, ಅಂದರೆ ಚೆಂಡಿಗಿಂತ ಕಿರಿದು, ರಿಂಗಿಗೆ ತಾಗದೆ ಒಳಗೆ ಹೋಗಲು ಸಾಧ್ಯವೇ ಇಲ್ಲ. ಶಕ್ತಿ ಸಾಲದ ಮಕ್ಕಳು ದೂರದಿಂದ ಹೊಡೆದಾಗ ಚೆಂಡು ಚಪ್ಪಟೆಯಾಗಿ ಹೋಗುತ್ತದೆ, ತೊಂದರೆ ಅಲ್ಲಿ.

ವಾರಕ್ಕೆ ಐದು ದಿನ, ದಿನಕ್ಕೆ 150ರಿಂದ 200 ಹೊಡೆತ ಸಾಕು. ರಿಂಗಿನಿಂದ ಒಂದು ಮೀಟರ್ ದೂರ, ಒಂದೇ ಕೈ, ಮೂರು ಜಾಗದಿಂದ ಒಟ್ಟು 25 ಒಳಗೆ ಬೀಳಲಿ. ರಿಂಗಿಗೂ ಬೋರ್ಡಿಗೂ ತಾಗಬಾರದು. ಬಳಿಕ ಎರಡು ಹೆಜ್ಜೆ ಹಿಂದೆ, ಇನ್ನೊಂದು ಕೈ ಚೆಂಡಿನ ಪಕ್ಕದಲ್ಲಿ ಆನಿಸಿದ್ದರೆ ಸಾಕು, ಆ ಕೈಯ ಹೆಬ್ಬೆರಳು ತಳ್ಳಬಾರದು. ತಳ್ಳಿದರೆ ಚೆಂಡು ಪಕ್ಕಕ್ಕೆ ಸುತ್ತುತ್ತ ಹೋಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಒಂದು ದೂರದಿಂದ 10ಕ್ಕೆ 7 ಬಿದ್ದರೆ ಒಂದು ಹೆಜ್ಜೆ ಹಿಂದೆ, 5ಕ್ಕಿಂತ ಕಡಿಮೆ ಬಿದ್ದರೆ ಒಂದು ಹೆಜ್ಜೆ ಮುಂದೆ. ದೂರದ ಶಕ್ತಿ ಮೊಣಕಾಲು, ಹಿಮ್ಮಡಿಯಿಂದ ಬರಬೇಕು. ಚೆಂಡು ಸೊಂಟದಿಂದ ಎದ್ದರೆ ಅಥವಾ ಹೊಡೆದ ಮೇಲೆ ಭುಜ ತಿರುಗಿದರೆ ಆ ದೂರ ಅವಳಿಗೆ ಇನ್ನೂ ಹೆಚ್ಚು.

ಕೊನೆಗೆ ಐದೇ ಐದು ಹೊಡೆತ ಅರ್ಧ ಕೋರ್ಟಿನಿಂದ ಬಿಟ್ಟುಬಿಡಿ. ಅದು ಪಾಯಸ, ಊಟ ಆದ ಮೇಲೆ.

ಮೊಣಕಾಲಿನ ಗಾಯ ಹುಡುಗಿಯರಿಗೆ ಹೆಚ್ಚು ಎನ್ನುತ್ತಾರೆ, ನಿಜವೇ?
— ಫಿಸಿಯೊಥೆರಪಿ ವಿದ್ಯಾರ್ಥಿನಿ, ಮಂಗಳೂರು

ನಿಜ. ಮೊಣಕಾಲಿನ ಎಸಿಎಲ್ ಕಟ್ಟು ಹರಿಯುವುದು ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಉದಾಹರಣೆಗೆ ಕ್ಲಾರ್ಕ್ ಜೊತೆಯಲ್ಲೇ ಕಾಲೇಜು ಸೇರಿದ ಪೇಜ್ ಬೆಕರ್ಸ್. ಮೊದಲ ವರ್ಷ ಸರಾಸರಿ 20 ಅಂಕ ಹೊಡೆದು ರಾಷ್ಟ್ರೀಯ ಮಟ್ಟದ ವರ್ಷದ ಆಟಗಾರ್ತಿ ಪ್ರಶಸ್ತಿಗಳನ್ನು ಬಾಚಿಕೊಂಡರು. 2021ರ ಡಿಸೆಂಬರ್‌ನಲ್ಲಿ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತು, 2022ರ ಆಗಸ್ಟ್‌ನಲ್ಲಿ ಎಸಿಎಲ್ ಹರಿದು ಇಡೀ 2022–23 ಸೀಸನ್ ಹೋಯಿತು. ಮರಳಿ ಬಂದು 2025ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಪಂದ್ಯಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು.

ಹೆಚ್ಚಿನವು ಯಾರೂ ತಾಗದೆಯೇ ಆಗುವ ಗಾಯಗಳು: ಓಡುತ್ತ ಥಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ, ನೆಗೆದು ಒಂದೇ ಕಾಲಿನ ಮೇಲೆ ಇಳಿದಾಗ ಮೊಣಕಾಲು ಒಳಕ್ಕೆ ಮಡಚುತ್ತದೆ. ವಾರಕ್ಕೆ ಎರಡು ಮೂರು ದಿನ, 15 ನಿಮಿಷ: ಸಣ್ಣ ಪೆಟ್ಟಿಗೆಯ ಮೇಲಿಂದ ಜಿಗಿದು ಎರಡೂ ಕಾಲಿನಲ್ಲಿ ಸದ್ದಿಲ್ಲದೆ ಇಳಿಯುವುದು, ಒಂಟಿ ಕಾಲಿನಲ್ಲಿ ಕುಳಿತು ಏಳುವುದು, ಮಂಡಿಯೂರಿ ಮೈಯನ್ನು ನಿಧಾನಕ್ಕೆ ಮುಂದೆ ಬಿಡುವ ತೊಡೆ ಹಿಂಭಾಗದ ವ್ಯಾಯಾಮ. ಇಳಿದಾಗ ಮೊಣಕಾಲು ಪಾದದ ಬೆರಳಿನ ನೇರಕ್ಕೆ ಇರಬೇಕು. ಮೊಬೈಲಿನಲ್ಲಿ ಎದುರಿನಿಂದ ವಿಡಿಯೊ ತೆಗೆದರೆ ಸಾಕು, ಒಳಕ್ಕೆ ಬಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಅಷ್ಟು ಚೆನ್ನಾಗಿ ಆಡುತ್ತಿದ್ದವರು ನಾಲ್ಕು ವರ್ಷ ಕಾಲೇಜಲ್ಲೇ ಏಕೆ ಉಳಿದರು?
— ಓದುಗರು, ದಾವಣಗೆರೆ

ನಿಯಮ. ಅಮೆರಿಕದ ಆಟಗಾರ್ತಿ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ತಂಡಗಳು ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಸುತ್ತಿಗೆ, ಬರಲು ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿಸಿರಬೇಕು, ಇಲ್ಲವೇ ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಆಗಿರಬೇಕು. 2002ರ ಜನವರಿಯಲ್ಲಿ ಹುಟ್ಟಿದ ಕ್ಲಾರ್ಕ್‌ರಿಗೆ 2024ರಲ್ಲಿ ಸಮಯ ಬಂತು. ಕೋವಿಡ್ ಸೀಸನ್ ಲೆಕ್ಕಕ್ಕೆ ಹಿಡಿಯದ ಕಾರಣ ಐದನೇ ವರ್ಷವೂ ಆಡಬಹುದಿತ್ತು, ಬೇಡವೆಂದರು. ದುಡ್ಡಿನ ಆತುರವೂ ಇರಲಿಲ್ಲ: 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದ ಮೇಲೆ ಜಾಹೀರಾತು ಗಳಿಕೆ ಮಾಡಬಹುದು. 2024ರ ಮೊದಲ ಡ್ರಾಫ್ಟ್ ಆಯ್ಕೆಗೆ ಲೀಗ್ ಕೊಟ್ಟ ಮೂಲ ಸಂಬಳವೇ 76,535 ಡಾಲರ್.

ಕರ್ನಾಟಕದಿಂದ ಆ ಮಟ್ಟದ ಕಾಲೇಜು ಆಟಕ್ಕೆ ಹೋಗಲು ದಾರಿ ಇದೆಯೇ?
— ಹತ್ತನೇ ತರಗತಿ ವಿದ್ಯಾರ್ಥಿನಿಯ ತಾಯಿ, ಬೆಂಗಳೂರು

ಇದೆ. ನಿಮ್ಮೂರಿನವರೇ ಆದ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನ ಪಡೆದು ಹೋಗಿ ಡಿವಿಷನ್ 1ರಲ್ಲಿ ಆಡಿದರು. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ 9ನೇ ತರಗತಿಯಿಂದಲೇ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜದಂಥ ಮುಖ್ಯ ವಿಷಯಗಳ ಅಂಕ ನೋಡುತ್ತಾರೆ, ಹಾಗಾಗಿ 9ನೇ ತರಗತಿಯ ಅಂಕಪಟ್ಟಿ ಈಗಲೇ ಜೋಪಾನ ಮಾಡಿ. ಕೋಚ್‌ಗಳಿಗೆ ಬಾಸ್ಕೆಟ್ ಆದ ತುಣುಕುಗಳನ್ನಷ್ಟೇ ಕಳಿಸಬೇಡಿ, ಕತ್ತರಿಸದ ಎರಡು ಪೂರ್ಣ ಪಂದ್ಯ ಕಳಿಸಿ. ಕ್ಲಬ್‌ನಿಂದ ಸಂಬಳದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅರ್ಹತಾ ಕೇಂದ್ರವನ್ನು ಕೇಳಿ. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಅಲ್ಲಿ ಜಾಹೀರಾತು ಗಳಿಕೆ ತೊಡಕಿನದು, ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೇಳದೆ ಒಂದು ರೂಪಾಯಿಯನ್ನೂ ಒಪ್ಪಬಾರದು.

ನಮ್ಮ ಸ್ಕೋರ್ ಶೀಟಿನಲ್ಲಿ ಅಂಕ, ಫೌಲ್ ಎರಡೇ ಇರುತ್ತವೆ. ಗಾರ್ಡ್ ಆಟ ಅಳೆಯುವುದು ಹೇಗೆ?
— ಕಾಲೇಜು ಕ್ರೀಡಾ ನಿರ್ದೇಶಕರು, ಉಡುಪಿ

ಬೆಂಚಿನಲ್ಲಿ ಕೂತ ಒಬ್ಬಳ ಕೈಗೆ ನೋಟ್‌ಬುಕ್ ಕೊಡಿ. ಆರು ಕಾಲಂ: ಅಸಿಸ್ಟ್, ಅಸಿಸ್ಟ್ ಆಗಬೇಕಿದ್ದ ಪಾಸ್, ಆಟ ನಿಂತ ಟರ್ನೋವರ್, ಕಸಿದುಕೊಂಡ ಟರ್ನೋವರ್, ಎದುರಿಗೆ ಯಾರೂ ಇಲ್ಲದೆ ಹೊಡೆದದ್ದು ಎಷ್ಟು, ಇದ್ದಾಗ ಹೊಡೆದದ್ದು ಎಷ್ಟು. ಎರಡನೇ ಕಾಲಂ ಮರೆಯಬೇಡಿ. ಒಳ್ಳೆಯ ಪಾಸ್ ಸಿಕ್ಕಿಯೂ ಗೆಳತಿ ಲೇಅಪ್ ತಪ್ಪಿಸಿದರೆ ಗಾರ್ಡ್ ಹೆಸರಿಗೆ ಏನೂ ಬರುವುದಿಲ್ಲ. ನಮ್ಮ ಕಾಲೇಜು ಪಂದ್ಯಗಳಲ್ಲಿ ಇದು ಅಸಿಸ್ಟ್‌ಗಿಂತ ಹೆಚ್ಚಿರುವುದೇ ಸಾಮಾನ್ಯ. ಪ್ರತಿ ಕ್ವಾರ್ಟರ್‌ಗೆ ಬೇರೆ ಗೆರೆ ಎಳೆಯಿರಿ. ಕಸಿದುಕೊಂಡ ಟರ್ನೋವರ್ ನಾಲ್ಕನೇ ಕ್ವಾರ್ಟರಿನಲ್ಲೇ ಗುಡ್ಡೆ ಬಿದ್ದಿದ್ದರೆ ಅದು ದಮ್ಮಿನ ಕೊರತೆ, ಮೊದಲನೆಯದರಲ್ಲಿದ್ದರೆ ಅವಸರ. ಪಂದ್ಯ ಮುಗಿದ ತಕ್ಷಣ ಹಾಳೆ ತೋರಿಸಬೇಡಿ, ಮರುದಿನ ಅಭ್ಯಾಸಕ್ಕೆ ಮುಂಚೆ ತೋರಿಸಿ, ಒಂದೇ ಕಾಲಂ ಆರಿಸಿ ಆ ವಾರ ಅದನ್ನಷ್ಟೇ ತಿದ್ದಿ.